ಬೆಳಗಾವಿಯ ಬ್ಯಾಪ್ಟಿಸ್ಟ್ ಸಭೆಯೂ ಹಳೆಯ ಮೆಥೋಡಿಸ್ಟ್ ಚರ್ಚೂ ಒಂದೇನಾ? ಯಾವುದು ಹಳೆಯದು? ಬೇರೆ ಧರ್ಮದವರು ಹೋಗಬಹುದಾ?

ಒಂದೇ ಅಲ್ಲ, ಕ್ರೈಸ್ತರಲ್ಲೇ ಎರಡು ಬೇರೆ ಪಂಥಗಳು, ಆದರೆ ಬೀಗತನ ಉಂಟು. ನಾನು ಮೆಥೋಡಿಸ್ಟ್ ಮನೆಯವನು, ನನ್ನ ಅಕ್ಕನನ್ನು ಕೊಟ್ಟದ್ದು ಬ್ಯಾಪ್ಟಿಸ್ಟ್ ಮನೆಗೆ. ನೀವು ಊರಿಗೆ ಹೊಸಬರು ಅಂದಿದ್ದೀರಿ, ಬಾಡಿಗೆ ಸಭಾಂಗಣದ ಮೇಲೆ 'ಬ್ಯಾಪ್ಟಿಸ್ಟ್ ಸಭೆ' ಅನ್ನೋ ಬೋರ್ಡು ನೋಡಿ ಕೇಳಿದ್ದೀರಿ. ಎರಡೂ ಕಡೆ ಉಂಡವನಾಗಿ ಹೇಳುತ್ತೇನೆ.

ಊರಿನ ಮಟ್ಟಿಗೆ ಮೆಥೋಡಿಸ್ಟರದ್ದೇ ಹಳೆಯದು. ಆದರೆ ಆ ಸಭೆ ಹುಟ್ಟುವಾಗ ಮೆಥೋಡಿಸ್ಟ್ ಆಗಿರಲಿಲ್ಲ. 1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಗೆ ಬಂತು. 1820ರಲ್ಲಿ ಬಳ್ಳಾರಿಯಿಂದ ಜೋಸೆಫ್ ಟೇಲರ್ ಎಂಬ ಲಂಡನ್ ಮಿಶನ್ನಿನ (ಲಂಡನ್ ಮಿಶನರಿ ಸೊಸೈಟಿ) ಪಾದ್ರಿ ಇಲ್ಲಿಗೆ ಬಂದರು. ಆಮೇಲೆ ವಿಲಿಯಂ ಬೆನನ್ ಬಂದು ದಶಕಗಟ್ಟಲೆ ಇಲ್ಲೇ ಉಳಿದರು. ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನ ಅರ್ಧ ಅವರದ್ದೇ. ಕ್ರೈಸ್ತರ ಮಕ್ಕಳಷ್ಟೇ ಅಲ್ಲ, ಊರಿನ ಎಲ್ಲ ಜಾತಿಯವರ ಮಕ್ಕಳೂ ಆ ಶಾಲೆಯಲ್ಲಿ ಕಲಿತಿದ್ದಾರೆ, ನಿಮ್ಮ ಮನೆ ಮಾಲಕರನ್ನು ಕೇಳಿ ನೋಡಿ. 1904ರಲ್ಲಿ ಲಂಡನ್ ಮಿಶನ್ ಇಲ್ಲಿನ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿತು. ಬೋರ್ಡು ಬದಲಾಯಿತು, ಬಿಷಪ್ಪರು ಬಂದರು, ಕೂತು ಹಾಡುವ ಮನೆತನಗಳು ಅವೇ ಉಳಿದವು.

ಲಂಡನ್ ಮಿಶನ್ನಿನವರಲ್ಲಿ ಹೆಚ್ಚಿನವರು ಕಾಂಗ್ರಿಗೇಶನಲ್ ಪಂಥದವರು. ಪ್ರತಿ ಸಭೆ ತನ್ನ ಆಡಳಿತ ತಾನೇ ನಡೆಸಬೇಕು, ಮೇಲೆ ಬಿಷಪ್ ಬೇಡ ಅನ್ನುವವರು. ಬ್ಯಾಪ್ಟಿಸ್ಟರೂ ಹೇಳುವುದು ಅದನ್ನೇ. ಅಂದರೆ ನಮ್ಮ ಅಜ್ಜಂದಿರ ಸಭೆ ಆಡಳಿತದಲ್ಲಿ ಇವತ್ತಿನ ಮೆಥೋಡಿಸ್ಟರಿಗಿಂತ ಬ್ಯಾಪ್ಟಿಸ್ಟರಿಗೇ ಹತ್ತಿರವಾಗಿತ್ತು. ಇದನ್ನು ನಮ್ಮ ಹಿರಿಯರ ಮುಂದೆ ಹೇಳಿದರೆ ಸಿಟ್ಟಾಗುತ್ತಾರೆ.

ಹಾಗಾದರೆ ಬ್ಯಾಪ್ಟಿಸ್ಟರು ಕನ್ನಡಕ್ಕೆ ಹೊಸಬರೇ? ಅಲ್ಲ. ಬಂಗಾಳದ ಸಿರಾಂಪುರದಲ್ಲಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. 1817ರಲ್ಲೇ ಕನ್ನಡ ವ್ಯಾಕರಣ ಅಚ್ಚು ಹಾಕಿದ ಮನುಷ್ಯ. ಅದಕ್ಕೂ ಮುಂಚೆ, 1812ರಲ್ಲಿ, ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಕನ್ನಡ ಹಸ್ತಪ್ರತಿ ಸುಟ್ಟುಹೋಯಿತು. ಅದನ್ನು ಮತ್ತೆ ಕೂತು ಮಾಡಿದರು. ಆದರೆ ಬ್ಯಾಪ್ಟಿಸ್ಟರ ದೊಡ್ಡ ಕೆಲಸ ನಡೆದದ್ದು ಬಂಗಾಳದಲ್ಲಿ, ಆಂಧ್ರದ ನೆಲ್ಲೂರು, ಒಂಗೋಲುಗಳಲ್ಲಿ, ಈಶಾನ್ಯದ ಗುಡ್ಡಗಳಲ್ಲಿ. ಆಗಿನ ಮಿಶನ್ನುಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಕೈ ಹಾಕಬಾರದು ಎಂದು ಮಾತಾಡಿಕೊಂಡಿದ್ದವು. ಬೆಳಗಾವಿ ಲಂಡನ್ನಿನವರಿಗೆ, ಧಾರವಾಡ, ಗುಳೇದಗುಡ್ಡ, ವಿಜಯಪುರದ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರಿಗೆ. ಹೀಗಾಗಿ ಇಲ್ಲಿ ಬ್ಯಾಪ್ಟಿಸ್ಟರಿಗೆ ಮಿಶನ್ ಕಂಪೌಂಡ್ ಇಲ್ಲ, ಹಳೆಯ ಬಂಗಲೆ ಇಲ್ಲ, ಸಾಗವಾನಿ ಬೆಂಚುಗಳಿಲ್ಲ. ನನ್ನ ಅಕ್ಕನ ಸಭೆಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ತಬಲಾ, ಗೋಡೆಗೆ ಪ್ರೊಜೆಕ್ಟರಿನಲ್ಲಿ ಹಾಡಿನ ಸಾಲು. ಅರ್ಧ ಹಾಡು ಕನ್ನಡ, ಒಂದೆರಡು ಮರಾಠಿ, ಹುಡುಗರಿದ್ದರೆ ಕೊನೆಗೊಂದು ಇಂಗ್ಲಿಷ್.

ನಂಬಿಕೆಯಲ್ಲಿ ನಿಜವಾದ ವ್ಯತ್ಯಾಸ ಇರುವುದು ದೀಕ್ಷಾಸ್ನಾನದಲ್ಲಿ. ನಮ್ಮಲ್ಲಿ ಕೂಸಿಗೇ ತಲೆಗೆ ನೀರು ಚಿಮುಕಿಸುತ್ತಾರೆ. ಅವರಲ್ಲಿ ಕೂಸಿಗೆ ಬರೀ ಪ್ರಾರ್ಥನೆ. ಬುದ್ಧಿ ಬಂದ ಮೇಲೆ ತಾನಾಗಿ 'ನಾನು ನಂಬಿದ್ದೇನೆ' ಎಂದು ಎಲ್ಲರೆದುರು ಹೇಳಿದವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಮದುವೆಯಾದ ಮೇಲೆ ಅಕ್ಕ ಅದಕ್ಕೆ ಒಪ್ಪಿದಾಗ ನಮ್ಮಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. "ಒಮ್ಮೆ ಆಗೇತಲ್ಲವಾ, ಮತ್ತ್ಯಾಕ?" ಅನ್ನೋದು ಅವರ ವಾದ. "ಮಾಮಾರ, ಅದು ನೀವು ಕೊಡಿಸಿದ್ದು, ಇದು ಅಕಿ ತಗೊಂಡಿದ್ದು" ಅಂತ ಭಾವ ಅಂದರು. ನನಗೆ ಇವತ್ತಿಗೂ ಇಬ್ಬರದೂ ಸರಿ ಅನ್ನಿಸುತ್ತದೆ. ಈಗಲೂ ನೆಂಟರಲ್ಲಿ ಯಾರಾದರೂ "ನೀವು ಮುಳುಗಿದವರೇನ್ರಿ, ಚಿಮುಕಿಸ್ಕೊಂಡವರೇನ್ರಿ?" ಅಂತ ಚೇಷ್ಟೆ ಮಾಡುವುದುಂಟು. ಮೊದಲು ಟೆಂಪೋ ಮಾಡಿಕೊಂಡು ಮಲಪ್ರಭೆ ದಂಡೆಗೆ ಹೋಗುತ್ತಿದ್ದರು. ಈಗ ಯಾರೋ ನಿಂತು ವಿಡಿಯೋ ಮಾಡಿ ಏನೇನೋ ಬರೆದು ಹಾಕುತ್ತಾರೆಂದು ಸಿಮೆಂಟಿನ ತೊಟ್ಟಿ ಇರುವ ಬೇರೆ ಸಭೆಯಲ್ಲಿ ಮುಗಿಸಿಕೊಳ್ಳುತ್ತಾರೆ.

ಮತಾಂತರ ನಿಷೇಧದ ಮಸೂದೆಯನ್ನು 2021ರ ಡಿಸೆಂಬರಿನಲ್ಲಿ ವಿಧಾನಸಭೆ ಪಾಸು ಮಾಡಿದ್ದು ಇದೇ ಊರಿನ ಸುವರ್ಣ ವಿಧಾನಸೌಧದಲ್ಲಿ. ಆ ಹೊತ್ತಿಗೆ ಅಕ್ಕನ ಸಭೆಗೆ ಬಾಡಿಗೆ ಕೊಟ್ಟಿದ್ದ ಮಾಲಕರು ಸಭಾಂಗಣ ಖಾಲಿ ಮಾಡಿಸಿದರು. ಕೆಟ್ಟವರಲ್ಲ, ಅಂಜಿದರು. ಆಮೇಲೆ ಕೆಲಕಾಲ ಮನೆ ಮನೆಯಲ್ಲಿ ಆರಾಧನೆ ನಡೆಯಿತು.

ಸ್ವತಂತ್ರ ಸಭೆ ಅನ್ನುವುದು ಕೇಳಲು ಚೆಂದ, ನಡೆಸಲು ಕಷ್ಟ. ನಮಗೆ ಪಾದ್ರಿಯನ್ನು ಕಾನ್ಫರೆನ್ಸಿನವರು, ಅಂದರೆ ಸಭೆಗಳ ಮೇಲಿನ ಆಡಳಿತದವರು, ಕಳಿಸುತ್ತಾರೆ, ವರ್ಗ ಮಾಡುತ್ತಾರೆ. ಬಂದವರು ಹಿಡಿಸದಿದ್ದರೆ ಗೊಣಗಿಕೊಂಡು ಕಾಯುತ್ತೇವೆ. ಅವರಲ್ಲಿ ಸದಸ್ಯರೇ ಕೂತು ಸಭಾಪಾಲಕರನ್ನು ಆರಿಸುತ್ತಾರೆ, ಸಂಬಳವನ್ನೂ ಕಾಣಿಕೆಯಿಂದಲೇ ಹೊಂದಿಸಬೇಕು. ಸಭೆಯ ಸುಗ್ಗಿ ಹಬ್ಬದ ಲಿಲಾವಿನಲ್ಲಿ ಒಂದು ಕುಂಬಳಕಾಯಿಗೆ ನನ್ನ ಭಾವ ಸಾವಿರ ರೂಪಾಯಿ ಕೂಗಿದ್ದು ಕುಂಬಳದ ಆಸೆಗಲ್ಲ, ಆ ತಿಂಗಳ ಬಾಡಿಗೆ ಬಾಕಿಯಿತ್ತು. ಮದುವೆಗೆ ಇನ್ನೊಂದು ತೊಡಕು. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಯ ಪ್ರಕಾರ ಇಂಥ ಸಭೆಗಳ ಪಾಲಕರಿಗೆ ಮದುವೆ ಮಾಡಿಸಲು ಸರಕಾರದ ಲೈಸೆನ್ಸ್ ಬೇಕು. ಇಲ್ಲದಿದ್ದರೆ ಲೈಸೆನ್ಸ್ ಇರುವವರನ್ನು ಕರೆಸಬೇಕು, ಇಲ್ಲವೇ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು.

ಎಲ್ಲಕ್ಕಿಂತ ದೊಡ್ಡ ಚಿಂತೆ ಮಣ್ಣಿನದು. ಅಕ್ಕನ ಸಭೆಗೆ ಸ್ವಂತ ಸ್ಮಶಾನವಿಲ್ಲ. ಯಾರಾದರೂ ತೀರಿಕೊಂಡರೆ ಹಳೆಯ ಸಭೆಗಳವರ ಹತ್ತಿರ ಜಾಗ ಕೇಳಬೇಕು. ಅಕ್ಕನ ಅತ್ತೆ ಹೋದಾಗ ಹೆಣ ಮನೆಯಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಫೋನಿನಲ್ಲೇ ಕೂತಿದ್ದೆವು. ಕೊನೆಗೆ ನಮ್ಮಪ್ಪನೇ ಹೋಗಿ ನಮ್ಮ ಸಭೆಯ ಹಿರಿಯರಿಗೆ ಹೇಳಿ ಕೊಡಿಸಿದರು, ಅದೇ ಮಾತು ಬಿಟ್ಟಿದ್ದ ಅಪ್ಪ.

ಯಾರು ಹೋಗುತ್ತಾರೆ ಅಂದರೆ: ನರ್ಸುಗಳು, ಮಾಸ್ತರರು, ಫೌಂಡ್ರಿ ಕೆಲಸದವರು, ಓದಲು ಬಂದ ಈಶಾನ್ಯದ ಕೆಲವು ಹುಡುಗರು. ನಾಗಾ ಹುಡುಗರಿಗೆ, ದಕ್ಷಿಣ ಮಿಜೋರಾಮಿನ ಹುಡುಗರಿಗೆ ತಮ್ಮೂರಲ್ಲಿ ಹೆಚ್ಚಾಗಿ ಬ್ಯಾಪ್ಟಿಸ್ಟ್ ಚರ್ಚೇ ಮನೆಯ ಚರ್ಚು, ಹುಡುಕಿಕೊಂಡು ಬರುತ್ತಾರೆ. ಇಲ್ಲಿಯವರ ಮಕ್ಕಳು ಮಾತ್ರ ಪುಣೆ, ಬೆಂಗಳೂರು ಸೇರಿ ಯೂಟ್ಯೂಬಿನಲ್ಲಿ ಆರಾಧನೆ ನೋಡುತ್ತಾರೆ.

ನೀವು ಖಂಡಿತ ಹೋಗಬಹುದು, ಯಾವ ಧರ್ಮದವರಾದರೂ ಸರಿ. ಕಾಣಿಕೆ ಚೀಲ ಬಂದಾಗ ಹಾಕಲೇಬೇಕೆಂದಿಲ್ಲ. ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ ಬಂದರೆ ಪಕ್ಕದವರಿಗೆ ದಾಟಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೊಬೈಲಿನಲ್ಲಿ ಶೂಟಿಂಗ್ ಮಾತ್ರ ಬೇಡ, ಕಾರಣ ಮೇಲೆ ಹೇಳಿದ್ದೇನೆ. ಇನ್ನೊಂದು: ಹೊಸಬರನ್ನು ಎದ್ದು ನಿಲ್ಲಿಸಿ ಹೆಸರು, ಊರು ಕೇಳಿ ಚಪ್ಪಾಳೆ ಹೊಡೆಯುವ ಪದ್ಧತಿ ಇದೆ. ಸಂಕೋಚವಾದರೆ ಬಾಗಿಲಲ್ಲಿ ನಿಂತಿರುವ ಹಿರಿಯರಿಗೆ ಒಳಗೆ ಹೋಗುವ ಮುಂಚೆಯೇ ಹೇಳಿಬಿಡಿ.