ಪ್ರಾಧ್ಯಾಪಕರ ಮನೆ, ಚರ್ಚು ಮತ್ತು ಬರವಣಿಗೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಜೆ.ಆರ್.ಆರ್. ಟೋಲ್ಕಿನ್ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರ ವಿದ್ವತ್ತನ್ನು ಪರಿಚಯಿಸಬೇಕಾದ ಲೇಖನದ ಅರ್ಧಭಾಗ ಅವರ ಚರ್ಚು, ಹೆಂಡತಿ, ಮಕ್ಕಳ ವಿಚಾರಕ್ಕೇ ಹೋಗಿದೆ, ಸಂಪಾದಕರು ಅದನ್ನು ಕತ್ತರಿಸಬಾರದಿತ್ತೇ ಎಂದು ಕೇಳಿದ್ದೀರಿ. ಬಹುಕಾಲ ಸಾಹಿತ್ಯದ ಪಾಠ ಹೇಳಿದ ತಮ್ಮಂಥವರ ಪ್ರಶ್ನೆಗೆ ಎರಡು ಸಾಲಿನ ಉತ್ತರ ಸಲ್ಲದು.

ಕತ್ತರಿಸಲೆಂದು ನಾನು ಪೆನ್ನು ಹಿಡಿದದ್ದು ನಿಜ. ಆದರೆ ಆ ಭಾಗಗಳನ್ನು ತೆಗೆದರೆ ಉಳಿದದ್ದು ನಿಲ್ಲುವಂತಿರಲಿಲ್ಲ. ಅವರ ಮಕ್ಕಳ ಕಾದಂಬರಿ 'ದಿ ಹಾಬಿಟ್' ಹುಟ್ಟಿದ ಬಗೆಯನ್ನೇ ನೋಡಿ. ನಾಲ್ವರು ಮಕ್ಕಳ ಓದು, ವೈದ್ಯರ ಖರ್ಚುಗಳನ್ನು ಸರಿದೂಗಿಸಲು ಟೋಲ್ಕಿನ್ ಬೇಸಿಗೆ ರಜೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು. ಹಾಗೆ ತಿದ್ದಿ ತಿದ್ದಿ ಬೇಸತ್ತಿದ್ದ ಒಂದು ದಿನ, ಯಾರೋ ಪರೀಕ್ಷಾರ್ಥಿ ಖಾಲಿ ಬಿಟ್ಟಿದ್ದ ಪುಟ ಕಣ್ಣಿಗೆ ಬಿತ್ತು. ನೆಲದೊಳಗಿನ ಬಿಲದಲ್ಲಿ ಹಾಬಿಟ್ (ಅವರೇ ಕಲ್ಪಿಸಿದ ಕುಳ್ಳ ಜೀವಿ) ಒಂದು ವಾಸವಾಗಿತ್ತು ಎಂಬ ಮಾತನ್ನು ಅವರು ಅದರ ಮೇಲೆ ಗೀಚಿದರು. ಮನೆಯಲ್ಲಿ ಮಕ್ಕಳಿಗೆ ಹೇಳುವ ಕಥೆಯಾಗಿ ಬೆಳೆದು, 1937ರಲ್ಲಿ ಅದು ಪುಸ್ತಕವಾಯಿತು. ಅದೇ ಕೈ 1920ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ, ಕ್ರಿಸ್‌ಮಸ್ ತಾತನ ಹೆಸರಿನಲ್ಲಿ, ಚಳಿಗೆ ನಡುಗುವಂಥ ಅಕ್ಷರಗಳಲ್ಲಿ, ಉತ್ತರ ಧ್ರುವದ ಅಂಚೆಚೀಟಿಯನ್ನೂ ತಾನೇ ಚಿತ್ರಿಸಿ ಮಕ್ಕಳಿಗೆ ಕಾಗದ ಬರೆಯಿತು. ಇದನ್ನು ವಿದ್ವತ್ತಿನಿಂದ ಬೇರ್ಪಡಿಸುವ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನನಗೆ ತಿಳಿಯಲಿಲ್ಲ.

ಚರ್ಚಿನ ವಿಚಾರ ಇನ್ನೂ ಆಳದ್ದು. ವಿಧವೆಯಾಗಿದ್ದ ತಾಯಿ ಮೇಬಲ್ 1900ರಲ್ಲಿ ಕ್ಯಾಥೊಲಿಕ್ ಸಭೆಗೆ ಸೇರಿದಾಗ ಬಂಧುಗಳು ಮುನಿದರು, ಹಣದ ನೆರವೂ ನಿಂತಿತು. 1904ರಲ್ಲಿ ಮಧುಮೇಹದಿಂದ ಆಕೆ ತೀರಿಕೊಂಡಾಗ ಮಗನಿಗೆ ಹನ್ನೆರಡು ವರ್ಷ. ಅಲ್ಲಿಂದ ಮುಂದೆ ಅವನಿಗೂ ತಮ್ಮನಿಗೂ ಪೋಷಕರಾದವರು ಬರ್ಮಿಂಗ್‌ಹ್ಯಾಮಿನ ಪಾದ್ರಿ ಫ್ರಾನ್ಸಿಸ್ ಮಾರ್ಗನ್. ತಾಯಿ ಧರ್ಮಕ್ಕಾಗಿಯೇ ಪ್ರಾಣ ತೆತ್ತಳೆಂದು ನಂಬಿದ್ದ ಟೋಲ್ಕಿನ್ ಅವರಿಗೆ, ಮಕ್ಕಳೊಡನೆ ಸೈಕಲ್ಲಿನಲ್ಲಿ ಬಲಿಪೂಜೆಗೆ, ಎಂದರೆ ಚರ್ಚಿನ 'ಮಾಸ್' ಆರಾಧನೆಗೆ, ಹೋಗುವುದು ಬರಿಯ ಆಚಾರವಾಗಿರಲಿಲ್ಲ. ಮುಪ್ಪಿನಲ್ಲಿ, ಬಲಿಪೂಜೆ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬದಲಾದಾಗ, ಸುತ್ತಲಿನವರೆಲ್ಲ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದರೆ ಅಜ್ಜ ಮಾತ್ರ ಗಟ್ಟಿದನಿಯಲ್ಲಿ ಲ್ಯಾಟಿನ್ನಿನಲ್ಲೇ ಹೇಳುತ್ತಿದ್ದುದನ್ನು ಮೊಮ್ಮಗ ನೆನೆದಿದ್ದಾರೆ. ಹಳೆಯ ಭಾಷೆಗಳನ್ನೇ ಉಸಿರಾಗಿಸಿಕೊಂಡ ವಿದ್ವಾಂಸನ ಸಂಕಟ ಆ ದನಿಯಲ್ಲಿ ನನಗೆ ಕೇಳಿಸುತ್ತದೆ.

ಗೆಳೆಯರ ಬಳಗಕ್ಕೂ ಅವರು ಹೀಗೆಯೇ ತಮ್ಮನ್ನು ಕೊಟ್ಟುಕೊಂಡವರು. 1931ರ ಸೆಪ್ಟೆಂಬರ್ 19ರ ರಾತ್ರಿ ಕಾಲೇಜಿನ ಆವರಣದಲ್ಲಿ ನಡೆದಾಡುತ್ತ, ಬೆಳಗಿನ ಜಾವದವರೆಗೆ ಪುರಾಣ ಮತ್ತು ಸತ್ಯದ ಬಗ್ಗೆ ಅವರು ಗೆಳೆಯ, ಲೇಖಕ ಸಿ.ಎಸ್. ಲೂಯಿಸ್ ಜೊತೆ ಆಡಿದ ಮಾತು, ಲೂಯಿಸ್ ಮರಳಿ ಕ್ರೈಸ್ತರಾಗುವುದಕ್ಕೆ ದೊಡ್ಡ ಕಾರಣವಾಯಿತು.

ನಮ್ಮ ಲೇಖನದಲ್ಲಿ ಕೊರತೆ ಇರುವುದು ಬೇರೊಂದು ಕಡೆ. ಪತ್ನಿ ಎಡಿತ್ ಅವರ ಪಾಲಿನ ಕಥೆಗೆ ಅಲ್ಲಿ ಒಂದು ಪ್ಯಾರಾ ಕೂಡ ಸಿಗಲಿಲ್ಲ. ಮದುವೆಗಾಗಿ ಆಕೆ 1914ರಲ್ಲಿ ತಮ್ಮ ಆಂಗ್ಲಿಕನ್ ಸಭೆಯನ್ನು (ಇಂಗ್ಲೆಂಡಿನ ಅಧಿಕೃತ ಚರ್ಚನ್ನು) ಬಿಟ್ಟು ಕ್ಯಾಥೊಲಿಕ್ ಆದರು, ಆ ಕಾರಣಕ್ಕೆ ಇದ್ದ ಆಶ್ರಯವನ್ನೂ ಕಳೆದುಕೊಂಡರು. ಮುಂದೆ ಪಾದ್ರಿಯೆದುರು ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯ ಕಟ್ಟುಪಾಡು ಆಕೆಗೆ ಒಗ್ಗಲಿಲ್ಲ. ಗಂಡನ ಸಂಜೆಗಳು ಕಾಲೇಜಿನ ಗೆಳೆಯರ ಪಾಲಾದಾಗ ಆಕ್ಸ್‌ಫರ್ಡಿನಲ್ಲಿ ಆಕೆ ಒಂಟಿಯಾದರು. ಚರ್ಚು, ಬಳಗ, ಸಂಸಾರ ಮೂರಕ್ಕೂ ದುಡಿದ ಮನುಷ್ಯನ ಮನೆಯಲ್ಲಿ ಅದರ ಭಾರ ಹೊತ್ತವರು ಯಾರು ಎಂಬುದನ್ನು ಹೇಳದೆ ಹೋದದ್ದಕ್ಕೆ ನನಗೆ ನಿಜಕ್ಕೂ ಬೇಸರವಿದೆ. 1968ರಲ್ಲಿ ಟೋಲ್ಕಿನ್ ಆಕ್ಸ್‌ಫರ್ಡನ್ನೂ ಗೆಳೆಯರನ್ನೂ ಬಿಟ್ಟು, ಎಡಿತ್ ಮೆಚ್ಚಿದ್ದ ಸಮುದ್ರತೀರದ ಬೋರ್ನ್‌ಮತ್ ಊರಿಗೆ ಹೋಗಿ ನೆಲೆಸಿದರು. ಅಲ್ಲಿ ತಮ್ಮ ಮಾತಿಗೆ ಜೊತೆಯಾಗುವ ವಿದ್ವಾಂಸರು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. 1971ರಲ್ಲಿ ಎಡಿತ್ ತೀರಿಕೊಂಡ ಮೇಲೆಯೇ ಅವರು ಆಕ್ಸ್‌ಫರ್ಡಿಗೆ ಮರಳಿದರು.

ಅವರನ್ನು ಮೊದಲಿನಿಂದಲೂ ಸಾಹಿತ್ಯದ ಪ್ರಾಧ್ಯಾಪಕರೆಂದು ಬರೆದದ್ದು ತಪ್ಪೆಂದು ತಾವು ತೋರಿಸಿದ್ದು ಸರಿ. ಆಕ್ಸ್‌ಫರ್ಡಿನಲ್ಲಿ 1925ರಲ್ಲಿ ಅವರಿಗೆ ದೊರೆತದ್ದು ಆಂಗ್ಲೋ-ಸ್ಯಾಕ್ಸನ್, ಎಂದರೆ ಹಳೆಯ ಇಂಗ್ಲಿಷಿನ, ಪ್ರಾಧ್ಯಾಪಕ ಪೀಠ; ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯದ ಮರ್ಟನ್ ಪೀಠಕ್ಕೆ ಬಂದದ್ದು 1945ರಲ್ಲಿ. ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ.

— ಸಂಪಾದಕ