2147483647 ಅವಿಭಾಜ್ಯ ಅಂತ ಕೈಲೆಕ್ಕದಲ್ಲಿ ಹೇಗೆ ಗೊತ್ತಾಯಿತು?

ಕಂಪ್ಯೂಟರ್ ಇಲ್ಲದೆ 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಹೇಗೆ ಸಾಧಿಸಿದ ಅಂತ ಕುಂಬಳೆಯಲ್ಲಿ ಓದುವ ನಿಮ್ಮ ಮಗಳು ಕೇಳಿದ್ದಲ್ವಾ? ಒಳ್ಳೆ ಪ್ರಶ್ನೆ.

ಅದು 2ರ 31ನೇ ಘಾತಕ್ಕಿಂತ 1 ಕಡಿಮೆ. ವರ್ಗಮೂಲ 46340ರ ಹತ್ತಿರ, ಅಲ್ಲಿವರೆಗೆ ಭಾಗಿಸಿ ನೋಡಿದರೆ ಸಾಕು. ಎಲ್ಲವನ್ನೂ ನೋಡಬೇಕಾಗಿಲ್ಲ, ಯಾಕಂದ್ರೆ ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ ಅದನ್ನು 62ರಿಂದ (31ರ ಎರಡು ಪಟ್ಟು) ಭಾಗಿಸಿದಾಗ 1 ಉಳಿಯಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ನಮ್ಮ ಬದಿಯಡ್ಕದ ಕಡೆ ಅಡಿಕೆ ಹೆಕ್ಕಿದ ಹಾಗೆ ಹೆಕ್ಕಿದರೆ ಉಳಿಯುವುದು ಸುಮಾರು 370 ಮಾತ್ರ. ಅದರಲ್ಲೂ 63ರಂಥ ಅವಿಭಾಜ್ಯ ಅಲ್ಲದವನ್ನು ಸುಮ್ನೆ ಬಿಡಬಹುದು.

ಮಗಳಿಗೆ ಮೊದಲು 2047 ಕೊಡಿ. ಅದು 2ರ 11ನೇ ಘಾತಕ್ಕಿಂತ 1 ಕಡಿಮೆ, ಆದರೆ ಅವಿಭಾಜ್ಯ ಅಲ್ಲ: 23 ಗುಣಿಸು 89. ಎರಡನ್ನೂ 22ರಿಂದ (11ರ ಎರಡು ಪಟ್ಟು) ಭಾಗಿಸಿ ನೋಡಲಿ, 1 ಉಳಿಯುತ್ತದೆ!