ಕ್ಯಾಶುಯಾಲ್ಟಿ ಡಾಕ್ಟರಿಗೆ ಮುಂದೇನು?

ಓದುಗರ ಪತ್ರ: ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ. ಪಿಜಿಗೆ ಎಮರ್ಜೆನ್ಸಿ ಮೆಡಿಸಿನ್ನೇ ಬೇಕು ಎನ್ನುತ್ತಾಳೆ. ‘ಇಷ್ಟು ಓದಿ ಕ್ಯಾಶುಯಾಲ್ಟಿಯಲ್ಲಿ ಕೂರೋದಾ?’ ಎಂದು ನೆಂಟರು ಕೇಳುತ್ತಿದ್ದಾರೆ. ಈ ಕೆಲಸದಲ್ಲಿ ನೆಮ್ಮದಿ ಇದೆಯೇ? ಭವಿಷ್ಯ ಇದೆಯೇ?
– ಒಬ್ಬ ತಂದೆ, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ನೆಂಟರ ಮಾತು ಸ್ವಲ್ಪ ಬದಿಗಿರಲಿ ಸಾರ್. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಅವರೂ ಅಲ್ಲಿಗೇ ಓಡಬೇಕು, ಅಲ್ವಾ? ಆದರೆ ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಪಿಜಿ ಸೀಟು ಸಿಗುವವರೆಗೆ ಡ್ಯೂಟಿ ಡಾಕ್ಟರುಗಳು ಕಾಲ ಹಾಕುವ ಜಾಗ ಎಂದೇ ಕ್ಯಾಶುಯಾಲ್ಟಿಯನ್ನು ನಾವು ಬಹಳ ವರ್ಷ ನೋಡಿದ್ದೇವೆ. ಭಾರತೀಯ ವೈದ್ಯಕೀಯ ಮಂಡಳಿ ಇದನ್ನು ಪ್ರತ್ಯೇಕ ವಿಷಯ ಎಂದು ಒಪ್ಪಿದ್ದೇ 2009ರಲ್ಲಿ. ಎಂಡಿ, ಅದಕ್ಕೆ ಸಮನಾದ ಡಿಎನ್‌ಬಿ ಸೀಟುಗಳು ಬಂದದ್ದು ಆಮೇಲೆ. ಹಾಗಾಗಿ ಈ ವಿಷಯವನ್ನೇ ಓದಿದ ಹಿರಿಯ ಪ್ರೊಫೆಸರುಗಳು ಇನ್ನೂ ಕಡಿಮೆ.

ಕೆಲಸದ ಖುಷಿ ನಿಜವಾದದ್ದೇ. ನಾಗರಹಾವು ಕಚ್ಚಿದವನ ಕಣ್ಣುರೆಪ್ಪೆ ಇಳಿಯುತ್ತಿರುತ್ತದೆ, ಉಸಿರು ಸೋಲುತ್ತಿರುತ್ತದೆ. ಟ್ಯೂಬ್ ಹಾಕಿ, ವಿಷಕ್ಕೆ ಔಷಧ ಕೊಟ್ಟು ಅವನನ್ನು ಉಳಿಸಿಕೊಂಡರೆ ಆ ಡಾಕ್ಟರಿಗೆ ಬೇರೆ ಬಹುಮಾನ ಬೇಕಿಲ್ಲ. ಆದರೆ ಆ ರೋಗಿ ಆಮೇಲೆ ಐಸಿಯುಗೆ ಹೋಗುತ್ತಾನೆ, ಮನೆಗೆ ಹೋಗುವಾಗ ಅಲ್ಲಿನ ಡಾಕ್ಟರಿಗೆ ಕೈಮುಗಿಯುತ್ತಾನೆ. ಮೊದಲ ಹತ್ತು ನಿಮಿಷ ಯಾರಿದ್ದರು ಅನ್ನೋದು ಅವನಿಗೆ ನೆನಪಿರುವುದಿಲ್ಲ.

ಇದನ್ನು ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ. ಸಹಿಸಲಾಗದ್ದು ಬೇರೆ. ವಾರ್ಡಿನಲ್ಲಿ ಬೆಡ್ ಇಲ್ಲ, ಐಸಿಯು ಭರ್ತಿ. ರೋಗಿ ಟ್ರಾಲಿಯ ಮೇಲೇ ಗಂಟೆಗಟ್ಟಲೆ ಬಿದ್ದಿರುತ್ತಾನೆ. ಸ್ಪೆಷಲಿಸ್ಟ್ ಫೋನ್ ಎತ್ತುವುದಿಲ್ಲ. ಬೈಗುಳ ಮಾತ್ರ ಎದುರಿಗಿದ್ದ ಡಾಕ್ಟರಿಗೆ. ಕರ್ನಾಟಕದಲ್ಲಿ ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರ ಕಾಯ್ದೆ ಇದೆ. ಕಾಯ್ದೆ ಇದ್ದರೆ ಸಾಲದು, ಬಾಗಿಲಲ್ಲಿ ಕಾವಲುಗಾರನೂ ಇರಬೇಕು. 2023ರಲ್ಲಿ ಕೇರಳದ ಕೊಟ್ಟಾರಕ್ಕರದ ಆಸ್ಪತ್ರೆಯಲ್ಲಿ ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ ಯುವ ವೈದ್ಯೆಯೊಬ್ಬರನ್ನು ಇರಿದು ಕೊಂದ. ಹೆಣ್ಣುಮಗಳನ್ನು ನೈಟ್ ಡ್ಯೂಟಿಗೆ ಕಳಿಸುವ ತಂದೆಗೆ ಇದನ್ನು ಮುಚ್ಚಿಟ್ಟು ಉತ್ತರ ಬರೆಯಲಾರೆ.

ಇನ್ನು ಭವಿಷ್ಯ. ಸ್ವಂತ ಕ್ಲಿನಿಕ್, ಬಾಗಿಲಿಗೆ ಬೋರ್ಡು ನಿಮ್ಮ ಕನಸಾಗಿದ್ದರೆ ಅದನ್ನು ಬಿಡಿ. ಇದು ಆಸ್ಪತ್ರೆಯೊಳಗೇ, ಶಿಫ್ಟಿನ ಲೆಕ್ಕದಲ್ಲಿ ಮಾಡುವ ಕೆಲಸ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಅವಕಾಶ ಇದೆ. ಕಾಲೇಜಿನ ವಿಷಯದಲ್ಲಿ ಮಾತ್ರ ಒಂದು ಬೇಸರ. ಮೊದಲು ಪ್ರತಿ ಕಾಲೇಜಿಗೂ ಈ ವಿಭಾಗ ಕಡ್ಡಾಯ ಎಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ (ಹಳೆಯ ಮಂಡಳಿಯ ಜಾಗಕ್ಕೆ ಬಂದದ್ದು), 2023ರ ನಿಯಮಗಳಲ್ಲಿ ಅದನ್ನು ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟಿತು. ರಸ್ತೆ ಅಪಘಾತಗಳು ಇಷ್ಟಿರುವ ದೇಶದಲ್ಲಿ ಇದೆಂಥ ಲೆಕ್ಕವೋ ನನಗಂತೂ ಅರ್ಥವಾಗಿಲ್ಲ.

ಎಂಆರ್‌ಸಿಇಎಂ ಎಂಬ ಬ್ರಿಟನ್ನಿನ ತುರ್ತು ಚಿಕಿತ್ಸೆಯ ಪರೀಕ್ಷೆ ಬರೆದು ಇಂಗ್ಲೆಂಡಿಗೆ ಹೋಗುವ ದಾರಿಯೂ ಇದೆ, ನಮ್ಮ ಕಡೆಯವರೂ ಅಲ್ಲಿದ್ದಾರೆ. ಆದರೆ ಅಲ್ಲಿ ಎಲ್ಲ ಹಗುರ ಎಂದುಕೊಳ್ಳಬೇಡಿ. ನಾಲ್ಕು ಗಂಟೆಯೊಳಗೆ ರೋಗಿಯ ವಿಷಯ ಇತ್ಯರ್ಥವಾಗಬೇಕು ಎಂಬ ಗುರಿಯನ್ನು ಅಲ್ಲಿನ ಆಸ್ಪತ್ರೆಗಳು ಒಟ್ಟಾರೆಯಾಗಿ 2015ರಿಂದ ಮುಟ್ಟಿಲ್ಲ. ತರಬೇತಿ ವೈದ್ಯರಲ್ಲಿ ಹೆಚ್ಚು ಬಳಲಿದವರು ಯಾರು ಎಂದು ಕೇಳಿದಾಗಲೆಲ್ಲ ತುರ್ತು ವಿಭಾಗದವರೇ ಮುಂದಿರುತ್ತಾರೆ.

ನನ್ನನ್ನು ಕೇಳಿದರೆ, ಮಗಳನ್ನು ತಡೆಯಬೇಡಿ. ತಾನಾಗಿ ಬಯಸಿ ಬಂದವರೇ ಇಲ್ಲಿ ಉಳಿಯುತ್ತಾರೆ. ‘ಬೇರೆ ಸೀಟು ಸಿಗಲಿಲ್ಲ’ ಅಂತ ಬಂದವರು ಬೇಗ ಕಹಿಯಾಗುತ್ತಾರೆ. ನೀವು ಅನುಮಾನ ಪಡಬೇಕಾದದ್ದು ಈ ವಿಷಯದ ಮೇಲಲ್ಲ, ಸೀಟು ಕೊಡುವ ಆಸ್ಪತ್ರೆಯ ಮೇಲೆ. ಎಂಡಿ ಅಥವಾ ಡಿಎನ್‌ಬಿಯೇ ಇರಲಿ. ಖಾಸಗಿ ಆಸ್ಪತ್ರೆಗಳು ನಡೆಸುವ ಎಂಇಎಂ (ಮಾಸ್ಟರ್ಸ್ ಇನ್ ಎಮರ್ಜೆನ್ಸಿ ಮೆಡಿಸಿನ್) ಕೋರ್ಸಿನಲ್ಲಿ ಕಲಿಯುವುದು ಇರಬಹುದು, ಆಯೋಗದ ಮಾನ್ಯತೆ ಇಲ್ಲ. ಮುಂದೆ ಪಾಠ ಮಾಡುವ ಹುದ್ದೆಗೆ ಅದು ತೊಡಕು.

ಕೌನ್ಸೆಲಿಂಗ್‌ನಲ್ಲಿ ಆಯ್ಕೆ ಹಾಕುವ ಮೊದಲು ಅವಳು ಆ ಆಸ್ಪತ್ರೆಗೆ ಒಂದು ಶನಿವಾರ ರಾತ್ರಿ ಹೋಗಿ ಬರಲಿ. ಅಲ್ಲಿನ ಪಿಜಿಗಳನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಲಿ: ಸೀನಿಯರ್ ರಾತ್ರಿ ಇರುತ್ತಾರಾ? ರೋಗಿಯನ್ನು ಅಡ್ಮಿಟ್ ಮಾಡುವ ಅಧಿಕಾರ ನಿಮಗಿದೆಯಾ? ಗಲಾಟೆಯಾದರೆ ಯಾರು ಬರುತ್ತಾರೆ? ವಾರಕ್ಕೊಂದು ರಜೆ ನಿಜವಾಗಲೂ ಸಿಗುತ್ತದಾ? ಆ ವಿಭಾಗದಲ್ಲಿ ಹಿರಿಯ ಲೇಡಿ ಡಾಕ್ಟರ್ ಇದ್ದರೆ ಅವರನ್ನೂ ಮಾತಾಡಿಸಲಿ, ಐವತ್ತರ ಮೇಲೂ ನೈಟ್ ಮಾಡುತ್ತೀರಾ ಎಂದು. ಏನೆಂದರು ಅಂತ ನಮಗೂ ಒಂದು ಸಾಲು ಬರೆಯಿರಿ. ಇದೇ ಪ್ರಶ್ನೆ ಕೇಳಿದವರು ಇನ್ನೂ ಇದ್ದಾರೆ.